ಬೀಫಾತುಮ್ಮನ ಐದು ತುಂಡಿನ ಗಾಳದ ಕೋಲು

ಕಡಬದಿಂದ ಹೊರಟ ಬಸ್ಸು ಪುತ್ತೂರು ಪೇಟೆಯಲ್ಲಿ ಬಂದು ನಿಂತಿತು. ಇಳಿಯುವವರೆಲ್ಲ ಇಳಿದರು. ಬೀಫಾತುಮ್ಮನೂ ಇಳಿದರು. ಆದರೆ ಅವರು ಮಗಳ ಮನೆಯ ದಾರಿ ಹಿಡಿಯಲಿಲ್ಲ. ಬಸ್ಸಿನ ಮುಂದೆ ಹೋಗಿ, ಚೀಲವನ್ನು ನೆಲಕ್ಕಿಟ್ಟು, ಡ್ರೈವರಿಗೆ ಎದುರಾಗಿ ನಿಂತುಬಿಟ್ಟರು. ಅವರ ಒಂದೊಂದು ಕೈಯಲ್ಲಿ ಒಂದೊಂದು ತುಂಡು ಬಿದಿರು ಇತ್ತು. ಬೆಳಿಗ್ಗೆ ಬಸ್ಸು ಹತ್ತುವಾಗ ಅದು ಒಂದೇ ಕೋಲಾಗಿತ್ತು.

"ಇದೆಂತ ಇದು?" ಎಂದು ಕಂಡಕ್ಟರನನ್ನು ಕೇಳಿದರು.

"ಕೋಲು ತುಂಡಾಗಿದೆ. ಟಾಪಿನಲ್ಲಿ ಹಲಸಿನಕಾಯಿ ಗೋಣಿ ಅದರ ಮೇಲೆ ಬಿತ್ತು ಕಾಣ್ತದೆ."

"ಕಾಣ್ತದೆ ಅಂದ್ರೆ? ಮೇಲೆ ಇಟ್ಟವ ನೀನು. ಕೈಯಲ್ಲೇ ಹಿಡ್ಕೊಳ್ತೇನೆ ಅಂತ ನಾನು ಹೇಳಿದ್ದೆ ಅಲ್ವಾ?"

"ಅಷ್ಟುದ್ದದ್ದು ಒಳಗೆ ಇಟ್ರೆ ಯಾರದ್ದಾದ್ರೂ ಕಣ್ಣಿಗೆ ತಾಗ್ತದೆ. ಒಂದು ಬಿದಿರಿನ ಕೋಲಿಗೆ ಎಷ್ಟು ಗಲಾಟೆ ಮಾರಾಯ್ತಿ! ಕಾಡಲ್ಲಿ ಬೇಕಾದಷ್ಟು ಉಂಟು, ಬೇರೆ ಕಡ್ಕೊಳ್ಳಿ."

ಬೀಫಾತುಮ್ಮನ ಮೈಯೆಲ್ಲ ಉರಿದುಹೋದದ್ದು ಈ ಮಾತಿಗೆ. ಆ ಕೋಲನ್ನು ಅವರು ಕುಮಾರಧಾರೆ ಹೊಳೆಯ ದಡದ ಬಿದಿರಿನ ಹಿಂಡಿಲಿನಲ್ಲಿ ಒಂದೊಂದನ್ನೇ ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ ನೋಡಿ ಆರಿಸಿದ್ದರು. ಎರಡು ಮಳೆಗಾಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಹಾಕಿ ಒಣಗಿಸಿದ್ದರು. ಗಂಟುಗಳನ್ನು ಗಾಜಿನ ಚೂರಿನಿಂದ ಕೆರೆದು ನಯಮಾಡಿದ್ದರು. ಕಾಡಿನಲ್ಲಿ ಬೇಕಾದಷ್ಟು ಇದ್ದದ್ದು ಬಿದಿರು. ಗಾಳದ ಕೋಲು ಅಲ್ಲ.

"ತಪ್ಪು ನಿನ್ನದು ಅಂತ ಹೇಳು. ಇಷ್ಟು ಜನರ ಎದುರು ಹೇಳು. ಅಷ್ಟರ ತನಕ ನಾನು ಇಲ್ಲಿಂದ ಹಂದುದಿಲ್ಲ."

ಡ್ರೈವರ್ ಹಾರ್ನ್ ಬಾರಿಸಿದ. ಮುಂದಿನ ಊರಿಗೆ ಹೋಗಬೇಕಾದವರು ಕಿಟಕಿಯಿಂದ ತಲೆ ಹೊರಹಾಕಿ ಬೈದರು, ಕೆಲವರು ಅವರನ್ನು, ಕೆಲವರು ಕಂಡಕ್ಟರನನ್ನು. ಕೊನೆಗೆ ಆತ, "ತಪ್ಪಾಯಿತು, ಉಮ್ಮಾ. ದಾರಿ ಬಿಡಿ," ಎಂದ. ಬೀಫಾತುಮ್ಮ ದಾರಿ ಬಿಟ್ಟರು. ಆದರೆ ಅವನು ಹಾಗೆಂದದ್ದು ತನ್ನ ತಪ್ಪು ಗೊತ್ತಾಗಿ ಅಲ್ಲ, ಬಸ್ಸು ಹೊರಡಲಿ ಎಂದು. ಅದು ಅವರಿಗೂ ಗೊತ್ತಿತ್ತು, ಹಾಗಾಗಿ ಸಿಟ್ಟು ಇಳಿಯಲಿಲ್ಲ.

ಇದು ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಮಾತು. ಬೀಫಾತುಮ್ಮನಿಗೆ ಆಗ ನಲವತ್ತೈದರ ಆಚೆಈಚೆ. ಗಂಡ ಮೂಸಕುಂಞಿ ಬಿದಿರಿನ ವ್ಯಾಪಾರಿ. ಮೇಲಿನ ಕಾಡುಗಳಲ್ಲಿ ಕಡಿಸಿದ ಬಿದಿರನ್ನು ತೆಪ್ಪ ಕಟ್ಟಿ ಹೊಳೆಯಲ್ಲಿ ಕೆಳಗೆ ತೇಲಿಸಿಬಿಡುತ್ತಿದ್ದರು. ತೆಪ್ಪ ಕಟ್ಟುವ ದಿನಗಳಲ್ಲಿ ಆಳುಗಳಿಗೆ ಗಂಜಿ ಕೊಂಡುಹೋಗುತ್ತಿದ್ದ ಹೊಸ ಮದುವಣಗಿತ್ತಿ ಬೀಫಾತುಮ್ಮ, ಪಾತ್ರೆ ಖಾಲಿಯಾಗುವವರೆಗೆ ಸುಮ್ಮನೆ ಕೂರುವುದು ಯಾಕೆಂದು ಗಾಳ ಹಾಕಲು ಕಲಿತರು. ಮೂಸಕುಂಞಿ ಬೇಡವೆನ್ನಲಿಲ್ಲ. ಹೆಂಡತಿ ಹಿಡಿದ ಮುಗುಡು ಮೀನನ್ನು ತೆಪ್ಪದವರಿಗೆಲ್ಲ ಎತ್ತಿ ತೋರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಬೀಫಾತುಮ್ಮ ಅಕ್ಕ ಕದೀಜಮ್ಮನ ಜೊತೆ ಕಡಬದ ಮನೆಯಲ್ಲಿದ್ದರು. ಇದ್ದರು ಎನ್ನುವುದು ಹೆಸರಿಗೆ. ವರ್ಷದ ಹೆಚ್ಚಿನ ಭಾಗ ಅವರು ಬಸ್ಸಿನಲ್ಲೋ ಮಗಳಂದಿರ ಮನೆಯಲ್ಲೋ ಇರುತ್ತಿದ್ದರು.

ಮೂವರು ಹೆಣ್ಣುಮಕ್ಕಳು. ದೊಡ್ಡವಳು ಝುಬೈದಾ ಪುತ್ತೂರಿನಲ್ಲಿ, ಎರಡನೆಯವಳು ಪಂಜದಲ್ಲಿ, ಸಣ್ಣವಳು ಅರಂತೋಡಿನಲ್ಲಿ. ಮೊದಲ ಹೆರಿಗೆಗಳೆಲ್ಲ ಕಡಬದಲ್ಲೇ ಆಗಿದ್ದವು. ಆಮೇಲಿನವು ಅವರವರ ಮನೆಗಳಲ್ಲಿ. ಮೂವರಲ್ಲಿ ಒಬ್ಬಳಾದರೂ ಬಾಣಂತಿಯಾಗಿರುವುದು, ಬೀಫಾತುಮ್ಮನಿಗೆ ಕರೆ ಬರುವುದು, ಅವರು ಕಷಾಯದ ಬೇರುಗಳನ್ನೂ ಎಣ್ಣೆಯ ಕುಪ್ಪಿಯನ್ನೂ ಚೀಲಕ್ಕೆ ತುಂಬಿ ಹೊರಡುವುದು. ಬಾಣಂತಿಗೆ ಹೊಳೆಯ ತಾಜಾ ಮೀನಿನ ಸಾರು ಬೇಕೆಂಬುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ. ಮಂಗಳೂರಿನಿಂದ ಬುಟ್ಟಿಯಲ್ಲಿ ಬಂದು, ಬಿಸಿಲಲ್ಲಿ ಕೂತು, ಕಣ್ಣು ಬೆಳ್ಳಗಾದ ಮೀನನ್ನು ಅವರು ಮಗಳ ಬಟ್ಟಲಿಗೆ ಹಾಕುತ್ತಿರಲಿಲ್ಲ. ಅಳಿಯನ ಮನೆಯಲ್ಲಿ ಅದು ತಂದುಕೊಡಿ, ಇದು ತಂದುಕೊಡಿ ಎಂದು ಕೇಳುವವರೂ ಅವರಲ್ಲ. ಅದಕ್ಕೇ ಕೋಲು.

ಆ ದಿನದ ನಂತರ ಉದ್ದದ ಕೋಲನ್ನು ಯಾವ ಬಸ್ಸಿನವರೂ ಹತ್ತಿಸಲಿಲ್ಲ. "ಓ, ಜಗಳದ ಕೋಲಿನವರು ಬಂದ್ರು," ಎಂದು ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಿದ್ದರು. ಬಾಳೆಗೊನೆ ಹತ್ತುತ್ತದೆ, ಕೋಳಿಯ ಬುಟ್ಟಿ ಹತ್ತುತ್ತದೆ, ನೇಗಿಲಿನ ಉದ್ದದ ಈಸುಮರ ಹತ್ತುತ್ತದೆ, ಹೆಂಗಸಿನ ಗಾಳದ ಕೋಲು ಮಾತ್ರ ಹತ್ತುವುದಿಲ್ಲ. ಇದೇ ಕೋಲು ಗಂಡಸಿನ ಕೈಯಲ್ಲಿದ್ದರೆ ಬೇಟೆ ಹೇಗಾಯಿತು ಎಂದು ವಿಚಾರಿಸಿ ಸೀಟು ಬಿಟ್ಟುಕೊಡುತ್ತಿದ್ದರು ಎಂದು ಬೀಫಾತುಮ್ಮ ಅಕ್ಕನ ಹತ್ತಿರ ಹಲ್ಲು ಕಚ್ಚಿ ಹೇಳಿದರು.

ಹಾಗಾದರೆ ಕೋಲು ಚೀಲದೊಳಗೇ ಹೋಗಬೇಕು. ಪುತ್ತೂರಿನ ಬಸ್ಸು ನಿಲ್ಲುವ ಜಾಗದ ಹತ್ತಿರ ಕೊಡೆ ರಿಪೇರಿ ಮಾಡುತ್ತಿದ್ದ ಮೊಯ್ದಿನಬ್ಬನ ಮುಂದೆ ಅವರು ಅಲ್ಲೇ ಮಗಳ ತೋಟದಿಂದ ಕಡಿದ ಹೊಸದೊಂದು ಕೋಲನ್ನು ಇಟ್ಟರು. "ಮೂರು ತುಂಡು ಮಾಡು. ಬೇಕಾದಾಗ ಜೋಡಿಸ್ಲಿಕ್ಕೆ ಬರ್ಬೇಕು, ಬೇಡದಾಗ ಬಿಚ್ಚಲಿಕ್ಕೆ ಬರ್ಬೇಕು." ಮೊಯ್ದಿನಬ್ಬ ಹಳೆಯ ಕೊಡೆಯ ಕಬ್ಬಿಣದ ಕೊಳವೆಯನ್ನು ಬೆರಳುದ್ದಕ್ಕೆ ಕತ್ತರಿಸಿ, ಬಿದಿರಿನ ತುದಿಗಳಿಗೆ ಅರಗು ಹಾಕಿ ಕೂರಿಸಿದ. ಪುತ್ತೂರಿನ ಗದ್ದೆಗಳ ನಡುವಿನ ತೋಡಿನಲ್ಲಿ ಸಣ್ಣ ಮೀನುಗಳಿಗೆ ಅದು ಆಯಿತು.

ಪಂಜದಲ್ಲಿ ಆಗಲಿಲ್ಲ. ಎರಡನೆಯ ಮಗಳ ಬಾಣಂತನಕ್ಕೆ ಹೋದವರು ಹೊಳೆಯ ಬಂಡೆಯ ಬುಡಕ್ಕೆ ಗಾಳ ಬಿಟ್ಟಾಗ ತೋಳುದ್ದದ ಮುಗುಡು ಕಚ್ಚಿತು. ಎತ್ತಿದರು. ಮೇಲಿನ ತುಂಡು ಕೊಳವೆಯಿಂದ ಕಳಚಿಕೊಂಡು ಮೀನಿನ ಹಿಂದೆಯೇ ನೀರಿಗೆ ಹೋಯಿತು. ಉಳಿದೆರಡು ತುಂಡು ಹಿಡಿದುಕೊಂಡು ಬೀಫಾತುಮ್ಮ ಉಟ್ಟ ಬಟ್ಟೆಯಲ್ಲೇ ಸೊಂಟದ ತನಕ ಇಳಿದರು. ಸಿಕ್ಕಿದ್ದು ಕೆಸರು ಮಾತ್ರ.

ಮೊಯ್ದಿನಬ್ಬನನ್ನು ಅವರು ಬಿಡಲಿಲ್ಲ. ಮುಂದಿನ ಸಲ ಪುತ್ತೂರಿಗೆ ಬಂದವರು ನೇರ ಅವನ ಮುಂದೆಯೇ ನಿಂತರು.

"ಇದಾ ನಿನ್ನ ಕೆಲಸ? ನನ್ನ ಮಗಳ ಬಾಯಿಗೆ ಹೋಗುವ ಮೀನು ನಿನ್ನ ಕೊಳವೆಯಿಂದ ಹೋಯ್ತು!"

"ಉಮ್ಮಾ, ನಾನು ಮಳೆಗೆ ಮಾಡುವವ, ಮೀನಿಗೆ ಅಲ್ಲ," ಎಂದ ಮೊಯ್ದಿನಬ್ಬ. "ಕೊಡೆಯನ್ನು ಆ ತುದಿಯಿಂದ ಯಾರೂ ಎಳಿಯುದಿಲ್ಲ."

ಅದು ಸರಿಯಾದ ಮಾತಾಗಿತ್ತು. ಸರಿಯಾದ ಮಾತಾದ್ದರಿಂದಲೇ ಬೀಫಾತುಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. ಆದರೆ ಮನೆಗೆ ಹೋಗಿ ಯೋಚಿಸಿದಾಗ ಒಂದು ವಿಷಯ ಅವರಿಗೆ ಸ್ಪಷ್ಟವಾಯಿತು: ಬೆರಳುದ್ದದ ಕೊಳವೆ ಸಾಲದು, ಒಂದು ತುಂಡು ಇನ್ನೊಂದರ ಕೊಳವೆಯೊಳಗೆ ಅಂಗೈಯಷ್ಟಾದರೂ ಇಳಿಯಬೇಕು.

ಈ ಕಥೆಯನ್ನು ಕದೀಜಮ್ಮ ನಗುತ್ತಾ ಹೇಳಿದ್ದು ಸಲಾಮನಿಗೆ. ಸಲಾಂ ಬೀಫಾತುಮ್ಮನ ತಮ್ಮನ ಮಗ. ತಂದೆ ಬೇಗ ತೀರಿಕೊಂಡದ್ದರಿಂದ ಮಾಮಿ ಎಂದು ಕರೆಯುವ ಈ ಅತ್ತೆಯ ಮನೆಯಲ್ಲೇ, ಅತ್ತೆ ಹಿಡಿದ ಮೀನು ತಿಂದು ದೊಡ್ಡವನಾದವನು. ಈಗ ಬೊಂಬಾಯಿಯ ಹಡಗಿನಲ್ಲಿ ಖಲಾಸಿ. ಅವನು ನಗಲಿಲ್ಲ. ಅರುವತ್ತೆರಡರಲ್ಲಿ ಮತ್ತೆ ರಜೆಗೆ ಬರುವಾಗ ಏಡನ್ ಬಂದರಿನ ಅಂಗಡಿಯಿಂದ ಅತ್ತೆಗೆಂದೇ ಒಂದು ಗಾಳದ ಕೋಲು ತಂದ. ಕಡುಹಸಿರು ಬಣ್ಣ, ಮೂರು ತುಂಡು, ಹಿತ್ತಾಳೆಯ ಜೋಡಣೆ, ಹಿಡಿಯುವಲ್ಲಿ ಮೆತ್ತನೆಯ ಬೆಂಡು, ಇಡಲಿಕ್ಕೆ ಬಟ್ಟೆಯ ಚೀಲ. ಬಿದಿರೂ ಅಲ್ಲ, ಬೆತ್ತವೂ ಅಲ್ಲ, ಕಬ್ಬಿಣವೂ ಅಲ್ಲದ ಏನೋ ಒಂದು ವಸ್ತು. ಒಳಗೆ ಟೊಳ್ಳು, ಎತ್ತಿದರೆ ತೂಕವೇ ಇಲ್ಲ. ಬೀಫಾತುಮ್ಮ ಆಗ ಅರಂತೋಡಿನಲ್ಲಿದ್ದರು. ಮಳೆಗೆ ರಸ್ತೆ ಕುಸಿದು ಆ ಕಡೆಯ ಬಸ್ಸು ನಿಂತಿತ್ತು, ಸಲಾಮನ ರಜೆ ಮುಗಿಯುತ್ತಾ ಬಂದಿತ್ತು. ಪುತ್ತೂರಿನಲ್ಲಿ ಝುಬೈದಾಳ ಗಂಡ ಅಹ್ಮದ್ ಕುಂಞಿಯ ಕೈಗೆ ಕೋಲನ್ನು ಕೊಟ್ಟು, "ಮಾಮಿ ಬಂದಾಗ ಕೊಡಿ," ಎಂದು ಹೇಳಿ ಹೊರಟುಹೋದ.

ಅಹ್ಮದ್ ಕುಂಞಿಗೆ ಪುತ್ತೂರಿನಲ್ಲಿ ಜವುಳಿ ಅಂಗಡಿ. ಆ ವರ್ಷವಷ್ಟೇ ಮನೆಗೆ ಹೊಸ ಚಾವಡಿ ಕಟ್ಟಿಸಿ, ಗೋಡೆಗೆ ನೀಲಿ ಬಣ್ಣ ಹೊಡೆಸಿ, ದೊಡ್ಡ ಗಡಿಯಾರ ತೂಗಿಸಿದ್ದ. ಅವನು ಕೋಲಿನ ಮೂರು ತುಂಡುಗಳನ್ನು ಜೋಡಿಸಿ, ಗಡಿಯಾರದ ಕೆಳಗೆ ಗೋಡೆಯುದ್ದಕ್ಕೆ ಮೊಳೆಗಳ ಮೇಲೆ ಮಲಗಿಸಿದ. ಅತ್ತೆ ಹೇಳಿಕಳಿಸಿದಾಗ, "ಇಲ್ಲಿ ಭದ್ರ ಉಂಟು ಅಂತ ಹೇಳಿ," ಎಂದು ಉತ್ತರ ಕಳಿಸಿದ.

ಭದ್ರ! ಬೀಫಾತುಮ್ಮ ಆ ಮಾತನ್ನು ಎಷ್ಟೋ ದಿನ ಬಾಯಲ್ಲಿಟ್ಟುಕೊಂಡು ತಿರುಗಿದರು. ಭದ್ರವಾಗಿರಲಿಕ್ಕೆ ಅದೇನು ಬಂಗಾರದ ಸರವೇ?

ಝುಬೈದಾಳ ಮೂರನೆಯ ಹೆರಿಗೆಗೆ ಪುತ್ತೂರಿಗೆ ಬಂದಾಗಲೇ ಅವರು ಅದನ್ನು ಕಣ್ಣಾರೆ ಕಂಡದ್ದು. ಮಗುವನ್ನು ನೋಡಿ, ಮಗಳ ತಲೆ ಸವರಿ, ಅಳಿಯನನ್ನು ಕೇಳಿದರು. "ಅದು ನನಗೆ ತಂದದ್ದಲ್ವಾ?"

"ನಿಮ್ಮದೇ, ಉಮ್ಮಾ. ಯಾರು ಅಲ್ಲ ಅಂದ್ರು? ಆದ್ರೆ ಅದು ಫಾರಿನ್ನಿಂದು. ತೋಡಿನ ಕೆಸರಿಗೆ ಹಾಕುವ ಸಾಮಾನಾ ಅದು? ಇಲ್ಲಿದ್ರೆ ನಾಲ್ಕು ಜನ ನೋಡ್ತಾರೆ."

"ನಾಲ್ಕು ಜನ ನೋಡಿದ್ರೆ ನನ್ನ ಮಗಳಿಗೆ ಹಾಲು ಬರ್ತದಾ?"

ಅಹ್ಮದ್ ಕುಂಞಿ ನಕ್ಕು ಅಂಗಡಿಗೆ ಹೋದ. ಬೀಫಾತುಮ್ಮ ಮಗಳ ಬಾಣಂತನದ ಮನೆಯಲ್ಲಿ ಜಗಳ ಬೇಡವೆಂದು ತುಟಿ ಬಿಗಿದುಕೊಂಡರು. ಎರಡು ಮಾರುದ್ದದ ತಮ್ಮ ಸೊತ್ತು ಗೋಡೆಯಲ್ಲಿ ಧೂಳು ತಿನ್ನುತ್ತಿರುವಾಗ, ತೋಟದ ಮೂಲೆಯಿಂದ ಕಡಿದು ತಂದ ಹಸಿ ಬಿದಿರನ್ನು ಹಿಡಿದುಕೊಂಡು ತೋಡಿಗೆ ಹೋಗಿ ಬಂದರು.

ಒಂದು ಶುಕ್ರವಾರ ನಮಾಜು ಮುಗಿಸಿ ಅಹ್ಮದ್ ಕುಂಞಿಯ ಜೊತೆ ಇಬ್ಬರು ವ್ಯಾಪಾರಿಗಳು ಮನೆಗೆ ಬಂದರು. ಚಾ ಕುಡಿಯುತ್ತಾ ಒಬ್ಬರು ಗೋಡೆ ನೋಡಿ ಇದೇನೆಂದು ಕೇಳಿದರು.

"ನಮ್ಮ ಸಲಾಂ ಏಡನ್ನಿಂದ ನನಗೆ ಅಂತ ತಂದದ್ದು," ಎಂದ ಅಹ್ಮದ್ ಕುಂಞಿ. "ನನಗೆ ಸ್ವಲ್ಪ ಮೀನಿನ ಹುಚ್ಚು ಉಂಟಲ್ಲಾ. ಪುರುಸೊತ್ತು ಸಿಕ್ಕಿದ್ರೆ ಹೊಳೆ ಬದಿಗೆ ಹೋಗುದುಂಟು."

ಒಳಗೆ ಬೇರು ಜಜ್ಜುತ್ತಿದ್ದ ಬೀಫಾತುಮ್ಮನ ಕೈ ನಿಂತಿತು. ಪರಗಂಡಸರ ಎದುರು ಒಳಗಿನ ಹೆಂಗಸು ಬರುವುದಿಲ್ಲ ಎಂಬ ಧೈರ್ಯದಲ್ಲೇ ಅಲ್ಲವೇ ಅವನು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು! ಅವರು ಎದ್ದರು. ಬಿಳಿ ವಸ್ತ್ರವನ್ನು ತಲೆಯ ಮೇಲೆ ಎಳೆದುಕೊಂಡು, ಚಾವಡಿಗೆ ಬಂದು, ಬೆಂಚನ್ನು ಗೋಡೆಯ ಬದಿಗೆ ದರದರ ಎಳೆದರು.

"ಉಮ್ಮಾ, ಎಂತ ಮಾಡ್ತೀರಿ?"

"ನನ್ನ ಸಾಮಾನು ತೆಗೀತೇನೆ. ಅಹ್ಮದ್ ಕುಂಞಿ, ನೀನು ಹೊಳೆಗೆ ಹೋದದ್ದು ಯಾವಾಗ? ಎರೆಹುಳ ಕೈಯಲ್ಲಿ ಮುಟ್ಟಿದ್ದೀಯಾ? ಗಾಳಕ್ಕೆ ಹುಳ ಕಟ್ಟುದು ಯಾವ ಕಡೆಯಿಂದ ಅಂತ ಇವರಿಗೆ ಹೇಳು ನೋಡುವ!"

ಒಬ್ಬ ಅತಿಥಿ ಚಾದ ಗ್ಲಾಸಿನೊಳಗೆ ನೋಡುತ್ತಾ ಕೂತರು. ಇನ್ನೊಬ್ಬರು ನಗು ತಡೆಯಲಾಗದೆ ಕೆಮ್ಮಿದರು. ಬೀಫಾತುಮ್ಮ ಬೆಂಚು ಹತ್ತಿ ಕೋಲನ್ನು ಇಳಿಸಿ, ಹಿತ್ತಾಳೆಯ ಜೋಡಣೆಯನ್ನು ತಿರುವಿ ಎಳೆದರು. ಟಪ್ ಎಂದು ಬಿಟ್ಟುಕೊಂಡಿತು. ಅಷ್ಟು ಸಿಟ್ಟಿನಲ್ಲೂ ಆ ಶಬ್ದ ಅವರಿಗೆ ಹಿಡಿಸಿತು. ಮೂರು ತುಂಡುಗಳನ್ನೂ ಕಂಕುಳಲ್ಲಿ ಹಿಡಿದು ಒಳಗೆ ಹೋದರು.

ಆದರೆ ಕೋಲು ಕೈಗೆ ಬಂದ ಮಾತ್ರಕ್ಕೆ ಅವರ ಕಷ್ಟ ಮುಗಿಯಲಿಲ್ಲ. ಮೂರು ತುಂಡಾದರೂ ಒಂದೊಂದು ತುಂಡು ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು, ಚೀಲದಿಂದ ಅರ್ಧಕ್ಕರ್ಧ ಹೊರಗೆ. ಬಸ್ಸಿನವರಿಗೆ ಮತ್ತೆ ಅದೇ ನೆಪ. ತೋಡಿಗೆ ಕೊಂಡುಹೋಗಿ ನೋಡಿದರೆ ತುದಿ ಬಳ್ಳಿಯಂತೆ ಬಳುಕುತ್ತಿತ್ತು. ಬಂಡೆಯ ಸಂದಿಗೆ ನುಗ್ಗುವ ಮುಗುಡನ್ನು ತಟ್ಟನೆ ಎತ್ತಬೇಕು. ಈ ತುದಿ ಬಗ್ಗಿ ನಮಸ್ಕಾರ ಮಾಡುವಷ್ಟರಲ್ಲಿ ಮೀನು ಸಂದಿ ಸೇರಿಯಾಗಿರುತ್ತಿತ್ತು. ಕೋಲಿನ ಮೈಗೆ ಕಟ್ಟಿದ್ದ ತಂತಿಯ ಉಂಗುರಗಳು ಯಾಕೆಂದು ತಿಳಿಯಲಿಲ್ಲ. ಗಾಳದ ತಂಗೂಸಿ ನೂಲನ್ನು ಅವರು ಕೋಲಿನ ತುದಿಗೇ ಕಟ್ಟುವವರು. ಉಂಗುರಗಳಿಗೆ ಪೊದೆಯ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು, ಅಷ್ಟೇ ಪ್ರಯೋಜನ.

ಪೇಟೆಯಲ್ಲಿ ಕೊಡಪಾನ, ಸ್ಟವ್ವು, ಸೈಕಲ್ ಪಂಪು ಬೆಸುಗೆ ಹಾಕುವ ಕುಕ್ಕಪ್ಪ ಇದ್ದ. ಬೀಫಾತುಮ್ಮ ತಾವು ಬೇಕೆಂದದ್ದನ್ನು ಅವನಿಗೆ ಹೇಳಿದರು: ದಪ್ಪದ ಎರಡು ತುಂಡುಗಳನ್ನು ನಡುವಿನಲ್ಲಿ ಕೊಯ್ಯಬೇಕು, ಕೊಯ್ದಲ್ಲಿಗೆ ಹಿತ್ತಾಳೆ ಕೊಳವೆ ಕೂರಿಸಬೇಕು. ಕುಕ್ಕಪ್ಪ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟ.

"ಇದನ್ನು ಕೊಯ್ಯುದಾ? ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ರೆ. ಅಹ್ಮದ್ ಕುಂಞಿ ಸಾಹುಕಾರ್ರು ನನ್ನನ್ನು ಕೊಯ್ದಾರು."

"ಸಾಹುಕಾರ ಯಾರು ಇದಕ್ಕೆ? ಗರಗಸ ಇಲ್ಲಿ ಕೊಡು!"

ಅವರೇ ಕೊಯ್ದರು. ಬಿಳಿ ಹುಡಿ ಉದುರಿತು. ಕೊಯ್ದ ಕೈಗೂ, ಹಿಡಿದುಕೊಂಡ ಕುಕ್ಕಪ್ಪನ ಕೈಗೂ ತುರಿಕೆ ಹಿಡಿದು, ಇಬ್ಬರೂ ತೆಂಗಿನೆಣ್ಣೆ ಹಚ್ಚಿಕೊಂಡು ಕೂರಬೇಕಾಯಿತು. ಒಮ್ಮೆ ಕೊಯ್ದಾದ ಮೇಲೆ ಕುಕ್ಕಪ್ಪನಿಗೂ ಹುರುಪು ಬಂತು. ಹಾಳಾದ ಪಂಪಿನ ಹಿತ್ತಾಳೆಯನ್ನು ಕತ್ತರಿಸಿ, ಬಡಿದು, ಅಂಗೈಯುದ್ದದ ಕೊಳವೆಗಳನ್ನು ಮಾಡಿದ. ಟೊಳ್ಳು ತುದಿ ಒಡೆಯಬಾರದೆಂದು ಬೀಫಾತುಮ್ಮ ಒಳಗೆ ಮರದ ಬೆಣೆ ತೂರಿಸಿದರು. ಕೊಳವೆಯನ್ನು ಒಂದು ಬದಿಗೆ ಅರಗು ಹಾಕಿ ಕೂರಿಸಿ, ಮೇಲಿನಿಂದ ಗಟ್ಟಿ ನೂಲು ಸುತ್ತಿದರು. ಇನ್ನೊಂದು ಬದಿ ತಿರುವಿದರೆ ಒಳಗಿಳಿಯುವಂತೆ, ಎಳೆದರೆ ಬರದಂತೆ ಉಜ್ಜಿ ಉಜ್ಜಿ ಸರಿಮಾಡಿದರು. ಸಿಕ್ಕಿಹಾಕಿಕೊಳ್ಳಬಾರದೆಂದು ಮೇಣ ಸವರಿದರು. ಉಂಗುರಗಳನ್ನೆಲ್ಲ ಕಿತ್ತರು. ಬಳುಕುವ ತುದಿಯನ್ನು ಬದಿಗಿಟ್ಟು, ಅದರ ಜಾಗಕ್ಕೆ ಹೊಗೆಯಲ್ಲಿ ಒಣಗಿದ ತೆಳ್ಳನೆಯ ಬಿದಿರು ಹಾಕಿದರು. ಐದು ತುಂಡಾಯಿತು. ಚೀಲದಲ್ಲಿ ಬಟ್ಟೆಯ ಅಡಿಗೆ ಮಲಗಿಸಿದರೆ ಹೊರಗೆ ಒಂದು ಗೆಣ್ಣೂ ಕಾಣುತ್ತಿರಲಿಲ್ಲ.

ಅಹ್ಮದ್ ಕುಂಞಿ ಅದನ್ನು ನೋಡಿ ತಲೆಗೆ ಕೈಯಿಟ್ಟ.

"ಹಾಳು ಮಾಡಿದ್ರಿ! ಅಂಥಾ ವಸ್ತುವನ್ನು ಕೊಯ್ದು ಬೆಂಕಿಗೆ ಹಾಕುವ ಕಟ್ಟಿಗೆ ಮಾಡಿದ್ರಿ!"

"ನಿನ್ನದಾಗಿದ್ರೆ ನೀನು ಗೋಡೆಗೆ ಹಾಕು. ನನ್ನದು, ನಾನು ಕೊಯ್ದೆ."

ಆ ಸಂಜೆ ಅವನು ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು ಝುಬೈದಾಳಿಗೆ, "ಇನ್ನು ಮೇಲೆ ಈ ಮನೆಗೆ ಬರುದು ಬೇಡ ಅಂತ ನಿನ್ನ ಉಮ್ಮನಿಗೆ ಹೇಳು," ಎಂದ.

ಝುಬೈದಾ ಮಗುವಿಗೆ ಹಾಲು ಕೊಡುತ್ತಿದ್ದವಳು ತಲೆ ಎತ್ತಲಿಲ್ಲ. "ಉಮ್ಮ ಅಡಿಗೆ ಕೋಣೆಯಲ್ಲಿ ಇದ್ದಾರೆ. ನೀವೇ ಹೇಳಿ."

ಅಡಿಗೆ ಕೋಣೆಯವರೆಗೆ ಆ ಮಾತು ಕೇಳಿಸಿತ್ತು. ಅಲ್ಲಿಂದಲೇ ಉತ್ತರ ಬಂತು. "ನಾನು ಬಂದದ್ದು ನನ್ನ ಮಗಳ ಬಾಣಂತನಕ್ಕೆ, ನಿನ್ನ ಗೋಡೆ ನೋಡ್ಲಿಕ್ಕೆ ಅಲ್ಲ. ನಲವತ್ತು ದಿನ ಆದ ಕೂಡ್ಲೆ ಹೋಗ್ತೇನೆ. ಆಮೇಲೆ ನೀನು ಕರೆಯದೆ ಬರುದಿಲ್ಲ."

ಹೇಳಿದಂತೆಯೇ ಮಾಡಿದರು. ಪುತ್ತೂರಿನಿಂದ ಹೊರಟವರು ನೇರ ಅರಂತೋಡಿಗೆ ಹೋದರು. ಸಣ್ಣ ಮಗಳ ನೆರೆಮನೆ ಬೋಜಪ್ಪ ಗೌಡರದು. ಅವರ ಹೆಂಡತಿ ಲೋಲಾಕ್ಷಿಗೆ ಬೀಫಾತುಮ್ಮನೆಂದರೆ ಇಷ್ಟ. ಇಬ್ಬರೂ ಪಯಸ್ವಿನಿ ಹೊಳೆಯ ದಡಕ್ಕೆ ಹೋದರು. ಬೀಫಾತುಮ್ಮ ಚೀಲದಿಂದ ಒಂದೊಂದೇ ತುಂಡು ತೆಗೆದು ಜೋಡಿಸುವುದನ್ನು ಲೋಲಾಕ್ಷಿ ಬಾಯಿ ತೆರೆದು ನೋಡಿದಳು. ಮೊದಲ ಮುಗುಡು ಕಚ್ಚಿದಾಗ ಬೀಫಾತುಮ್ಮನಿಗೆ ಪಂಜದ ನೀರು ನೆನಪಾಯಿತು. ಎತ್ತಿದರು. ಕೋಲು ಬಗ್ಗಿತು, ಜೋಡಣೆಗಳು ಕಿರ್ರೆಂದವು, ಒಂದೂ ಕಳಚಲಿಲ್ಲ. ಮೀನು ಹುಲ್ಲಿನ ಮೇಲೆ ಬಿದ್ದು ಹೊರಳಿತು.

"ಅಮ್ಮಾ, ನನ್ನ ಕೈಗೂ ಒಮ್ಮೆ ಕೊಡಿ," ಎಂದಳು ಲೋಲಾಕ್ಷಿ. "ನಮ್ಮಲ್ಲಿ ಬಲೆಯೂ ಗಂಡಸರದ್ದೇ, ಹೊಳೆಯೂ ಗಂಡಸರದ್ದೇ."

"ತಗೊಳ್ಳಿ. ಹೊಳೆಯನ್ನು ಯಾರೂ ಬರೆಸ್ಕೊಂಡು ಬರ್ಲಿಲ್ಲ," ಎಂದು ಬೀಫಾತುಮ್ಮ ಕೋಲನ್ನು ಅವಳ ಕೈಗಿಟ್ಟರು.

ಎರಡು ವರ್ಷ ಕಳೆದು ಸಲಾಂ ರಜೆಗೆ ಬಂದ. ಪುತ್ತೂರಿನಲ್ಲಿ ಇಳಿದ ಕೂಡಲೇ ಅಹ್ಮದ್ ಕುಂಞಿ ಅವನಿಗೆ ದೂರು ಕೊಟ್ಟ. ನೀನು ಅಷ್ಟು ದೂರದಿಂದ ತಂದದ್ದನ್ನು ನಿನ್ನ ಮಾಮಿ ಗರಗಸ ಹಾಕಿ ಕೊಯ್ದರು, ನನ್ನ ಮರ್ಯಾದೆಯನ್ನೂ ಅದರ ಜೊತೆಗೆ ಕೊಯ್ದರು, ಎಂದೆಲ್ಲ. ಸಲಾಂ ಕಡಬಕ್ಕೆ ಹೋಗಿ, ಅತ್ತೆಯ ಚೀಲದಿಂದ ತುಂಡುಗಳನ್ನು ತೆಗೆದು, ಜೋಡಿಸಿ, ಅಂಗಳದಲ್ಲಿ ಬೀಸಿ ನೋಡಿದ.

"ಚಂದ ಆಗಿದೆ, ಮಾಮಿ. ಮೀನು ಹಿಡಿಲಿಕ್ಕೇ ಅಲ್ವಾ ತಂದದ್ದು. ಕೊಯ್ದದ್ದಕ್ಕೆ ನನಗೇನೂ ಬೇಜಾರಿಲ್ಲ," ಎಂದ, ಅತ್ತೆಗೆ ಸಮಾಧಾನವಾಗಲೆಂದು.

ಆದರೆ ಬೀಫಾತುಮ್ಮ ಸಮಾಧಾನ ಬೇಡುತ್ತಾ ಕೂತಿರಲಿಲ್ಲ. "ನಿನಗೆ ಬೇಜಾರಿಲ್ವಾ? ನನಗೆ ಉಂಟು, ಸಲಾಂ. ನನ್ನ ಸಾಮಾನನ್ನು ಅವನ ಕೈಗೆ ಯಾಕೆ ಕೊಟ್ಟೆ? ಒಳಗೆ ಝುಬೈದಾ ಇದ್ದಳಲ್ಲಾ. ಇಲ್ಲಿ ಅಕ್ಕ ಇದ್ದರಲ್ಲಾ. ಅವರ ಕೈಗೆ ಕೊಡ್ಬೇಕು ಅಂತ ನಿನಗೆ ಕಾಣ್ಲೇ ಇಲ್ಲ. ಚಾವಡಿಯಲ್ಲಿ ಗಂಡಸು ಕಂಡ, ಅವನ ಕೈಗೆ ಕೊಟ್ಟೆ. ನನ್ನದನ್ನು ನಾನು ಬೆಂಚು ಹತ್ತಿ ಕಿತ್ಕೊಳ್ಬೇಕಾಯ್ತು, ಕಳ್ಳಿಯ ಹಾಗೆ."

ಸಲಾಮನ ನಗು ಮಾಯವಾಯಿತು. ಕೋಲಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚುತ್ತಾ, "ಅದು ಹೌದು, ಮಾಮಿ," ಎಂದಷ್ಟೇ ಹೇಳಿದ. ಬೀಫಾತುಮ್ಮ ಅವನಿಗೆ ಊಟಕ್ಕೆ ಬಡಿಸಿದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಪುತ್ತೂರಿಗೆ ಮಾತ್ರ ಅವರು ಹೋಗಲಿಲ್ಲ. ಪಂಜಕ್ಕೆ ಹೋದರು, ಅರಂತೋಡಿಗೆ ಹೋದರು, ರಾಮಕುಂಜದಲ್ಲಿ ಸಂಬಂಧಿಕರ ಬಾಣಂತನಕ್ಕೂ ಹೋದರು. ಮಕ್ಕಳನ್ನು ಕರೆದುಕೊಂಡು ಝುಬೈದಾಳೇ ಕಡಬಕ್ಕೆ ಬಂದು ಹೋಗುತ್ತಿದ್ದಳು. ಅರುವತ್ತಾರರಲ್ಲಿ ಅವಳಿಗೆ ನಾಲ್ಕನೆಯ ಮಗುವಾಯಿತು. ಹೆರಿಗೆ ಕಷ್ಟದ್ದಾಗಿ ಅವಳು ಬಹಳ ಸೋತಿದ್ದಳು. ಮಾರನೆಯ ದಿನ ಕಡಬದ ಮನೆಯ ಮುಂದೆ ಬಾಡಿಗೆ ಕಾರೊಂದು ನಿಂತಿತು. ಅಹ್ಮದ್ ಕುಂಞಿ ಇಳಿದು, ಅಂಗಳದಲ್ಲೇ ನಿಂತ.

"ಉಮ್ಮಾ, ಬರ್ಬೇಕು," ಎಂದ.

ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಹೇಳುತ್ತಾನೇನೋ ಎಂದು ಬೀಫಾತುಮ್ಮ ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ಕಾದರು. ಅವನ ಗಡ್ಡ ಕೆದರಿತ್ತು, ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಬೇರುಗಳನ್ನೂ ಎಣ್ಣೆಯನ್ನೂ ತುಂಬಿಸಿಕೊಂಡು ಚೀಲವನ್ನು ಹೊರಗೆ ತಂದಿಟ್ಟರು. ಅಹ್ಮದ್ ಕುಂಞಿ ಚೀಲಕ್ಕೆ ಕೈ ಹಾಕಿದ. ಎತ್ತುವಾಗ ಒಳಗಿನ ಹಿತ್ತಾಳೆ ಒಂದಕ್ಕೊಂದು ತಾಗಿ ಸದ್ದಾಯಿತು. ಅದೇನೆಂದು ಅವನಿಗೆ ಗೊತ್ತಾಯಿತು.

"ಮೆಲ್ಲ ಇಡು," ಎಂದರು ಬೀಫಾತುಮ್ಮ.

ಅವನು ಮೆಲ್ಲನೆಯೇ ಇಟ್ಟ. ಅವರು ಕಾರು ಹತ್ತಿ ಕೂತು, ಮಗಳಿಗೆ ಜ್ವರ ಉಂಟೋ ಇಲ್ಲವೋ ಎಂದು ವಿಚಾರಿಸತೊಡಗಿದರು.